ಕಾಂತೀಯ ಬಲವು ಕೆಲಸ ಮಾಡದಿದ್ದರೆ ನೀರನ್ನು ಎತ್ತುವವರು ಯಾರು?

ಕಳೆದ ತಿಂಗಳು ದ್ವಿತೀಯ ಪಿಯುಸಿ ತರಗತಿಯಲ್ಲಿ ಚಲಿಸುವ ವಿದ್ಯುತ್ ಆವೇಶಗಳ (ಚಾರ್ಜುಗಳ) ಮೇಲಿನ ಕಾಂತೀಯ ಬಲದ ಪಾಠವನ್ನು ಮುಗಿಸುತ್ತಿದ್ದಾಗ, ಪ್ರತಿವರ್ಷವೂ ಹೇಳುವ ಮಾತನ್ನು ಆ ದಿನವೂ ಹೇಳಿದೆ. ಕಾಂತೀಯ ಬಲವು ಯಾವಾಗಲೂ ಆವೇಶದ ಚಲನೆಯ ದಿಕ್ಕಿಗೆ ಲಂಬವಾಗಿರುತ್ತದೆ. ಅದು ಆವೇಶದ ದಾರಿಯನ್ನು ಬಾಗಿಸಬಲ್ಲದು, ಆದರೆ ಅದರ ಜವವನ್ನು ಹೆಚ್ಚಿಸಲಾರದು, ತಗ್ಗಿಸಲೂ ಆರದು. ಆದ್ದರಿಂದ ಭೌತಶಾಸ್ತ್ರದ ಅರ್ಥದಲ್ಲಿ ಅದು ಎಂದೂ ಕೆಲಸ ಮಾಡುವುದಿಲ್ಲ, ಅಂದರೆ ಆವೇಶಕ್ಕೆ ಶಕ್ತಿಯನ್ನು ಕೊಡುವುದೂ ಇಲ್ಲ, ಅದರಿಂದ ಕಸಿಯುವುದೂ ಇಲ್ಲ. ಮಕ್ಕಳು ಅದನ್ನು ಬರೆದುಕೊಂಡರು. ಮುಳಗುಂದದ ಕಡೆಯ ಹಳ್ಳಿಯಿಂದ ಗದಗಕ್ಕೆ ದಿನವೂ ಬಸ್ಸಿನಲ್ಲಿ ಬರುವ ಒಬ್ಬ ವಿದ್ಯಾರ್ಥಿನಿ ಮಾತ್ರ ಬರೆಯುವುದನ್ನು ನಿಲ್ಲಿಸಿ ಎದ್ದು ನಿಂತಳು.

"ಮೇಡಂ, ಕಾಂತದ ಬಲ ಕೆಲಸಾನ ಮಾಡಂಗಿಲ್ಲ ಅಂದ್ರ, ನಮ್ಮ ಹೊಲದಾಗಿನ ಬೋರಿನ ಮೋಟ್ರು ಮುನ್ನೂರು ಫೂಟಿನಿಂದ ನೀರು ಹೆಂಗ ಎತ್ತತೈತ್ರಿ?"

ಗಂಟೆ ಬಾರಿಸಲು ಐದು ನಿಮಿಷವಿತ್ತು. ಐದು ನಿಮಿಷದಲ್ಲಿ ಹೇಳಿ ಮುಗಿಸಬಹುದಾದ ಉತ್ತರ ಅದಕ್ಕಿಲ್ಲ. 300 ಅಡಿ ಎಂದರೆ ಸುಮಾರು 90 ಮೀಟರ್. ಅಷ್ಟು ಆಳದಿಂದ 1000 ಲೀಟರ್ ನೀರನ್ನು ಮೇಲೆತ್ತಲು ಸುಮಾರು 8 ಲಕ್ಷ 80 ಸಾವಿರ ಜೌಲ್ ಶಕ್ತಿ ಬೇಕು. ಯಾವ ನಷ್ಟವೂ ಇಲ್ಲವೆಂದು ಇಟ್ಟುಕೊಂಡರೂ ಅದು ಮೀಟರಿನಲ್ಲಿ ಕಾಲು ಯೂನಿಟ್ ಆಗುತ್ತದೆ. ಆ ಕೆಲಸವನ್ನು ಯಾರೋ ಮಾಡಲೇಬೇಕು. ಮೋಟಾರಿನೊಳಗೆ ಕಾಣುವುದು ತಂತಿ, ಕಬ್ಬಿಣ, ವಿದ್ಯುತ್ ಪ್ರವಾಹ ಮತ್ತು ಕಾಂತಕ್ಷೇತ್ರ ಮಾತ್ರ. ನಾನು ವಿದ್ಯಾರ್ಥಿನಿಯಾಗಿದ್ದಾಗ ಈ ಪ್ರಶ್ನೆ ನನ್ನನ್ನೂ ಕಾಡಿತ್ತು, ಆದರೆ ಎದ್ದು ನಿಂತು ಕೇಳುವ ಧೈರ್ಯ ನನಗಿರಲಿಲ್ಲ. ಆ ಹುಡುಗಿಗೆ ಕೊಡಬೇಕಾದ ಉತ್ತರವನ್ನು ಇಲ್ಲಿ ಮೊದಲಿನಿಂದ ಜೋಡಿಸಿ ಬರೆಯುತ್ತಿದ್ದೇನೆ.

ಮೊದಲು ಎಂದರೆ ನನಗೆ ನೆನಪಾಗುವುದು ಬೆಟಗೇರಿಯಲ್ಲಿದ್ದ ನಮ್ಮ ಅಪ್ಪನ ರಿವೈಂಡಿಂಗ್ ಅಂಗಡಿ. ಮಗ್ಗದ ಮೋಟಾರು, ಹಿಟ್ಟಿನ ಗಿರಣಿಯ ಮೋಟಾರು, ಮನೆಯ ಮಿಕ್ಸಿ, ಹೊಲದ ಪಂಪು ಎಲ್ಲವೂ ಅಲ್ಲಿಗೆ ಸುಟ್ಟ ವಾಸನೆಯೊಂದಿಗೆ ಬರುತ್ತಿದ್ದವು. ಅಪ್ಪ ಹಳೆಯ ತಾಮ್ರವನ್ನು ಕಿತ್ತು ತೆಗೆದು, ಸ್ಲಾಟುಗಳನ್ನು ಕೆರೆದು ಸ್ವಚ್ಛಗೊಳಿಸಿ, ಒಳಗೆ ಇನ್ಸುಲೇಶನ್ ಕಾಗದವನ್ನು ಮಡಿಚಿ ಕೂಡಿಸಿ, ಎನಾಮಲ್ ತಂತಿಯ ಹೊಸ ಕಾಯಿಲುಗಳನ್ನು ಒಂದೊಂದಾಗಿ ಇಳಿಸಿ, ಮೇಲೆ ಬಿದಿರಿನ ಪಟ್ಟಿಯನ್ನು ಬಡಿಯುತ್ತಿದ್ದರು. ಇಷ್ಟಾದ ಮೇಲೆ ನನಗೆ ಅತ್ಯಂತ ಬೇಸರ ತರಿಸುತ್ತಿದ್ದ ಕೆಲಸ ಶುರುವಾಗುತ್ತಿತ್ತು. ಸ್ಲಾಟಿನಿಂದ ಹೊರಗೆ ಉಳಿದಿರುವ ಕಾಯಿಲಿನ ತುದಿಗಳನ್ನು ಅವರು ದಾರದಿಂದ ಬಿಗಿಯಾಗಿ, ಗಂಟಿನ ಪಕ್ಕಕ್ಕೆ ಗಂಟು ಬರುವಂತೆ, ಸುತ್ತಲೂ ಹೊಲಿಯುತ್ತಿದ್ದರು. ಆಮೇಲೆ ವಾರ್ನಿಷ್ ಕುಡಿಸಿ ಒಣಗಿಸುತ್ತಿದ್ದರು. ಮೋಟಾರು ತಿರುಗುವಾಗ ಈ ಸುರುಳಿ ಜಾಗ ಬಿಟ್ಟು ಕದಲುವುದೇ ಇಲ್ಲವಲ್ಲ, ತಿರುಗುವುದು ಒಳಗಿನ ರೋಟರ್ ತಾನೆ, ಇಷ್ಟೊಂದು ಹೊಲಿಗೆ ಏಕೆ ಎಂದು ನಾನು ಕೇಳಿದ್ದೆ.

"ಕರೆಂಟ್ ಹೊಕ್ಕರ ವೈರು ಸುಮ್ಮನ ಕುಂದರಂಗಿಲ್ಲವ್ವಾ, ಒಂದನ್ನೊಂದು ಎಳೀತಾವ. ಅಲುಗ್ಯಾಡಿ ತಿಕ್ಕಿದ್ರ ಎನಾಮಲ್ ಹೋಗತೈತಿ" ಎಂದಿದ್ದರು.

ಹತ್ತನೆಯ ತರಗತಿಯನ್ನೂ ದಾಟದ ಅಪ್ಪ ಅಂದು ಹೇಳಿದ ಮಾತನ್ನು ಫ್ರೆಂಚ್ ವಿಜ್ಞಾನಿ ಆಂಪಿಯರ್ 1820ರ ಸೆಪ್ಟೆಂಬರಿನಲ್ಲಿ ಪ್ಯಾರಿಸಿನಲ್ಲಿ ಮೊದಲ ಬಾರಿಗೆ ಪ್ರಯೋಗದಿಂದ ತೋರಿಸಿದ್ದನು. ಅದೇ ವರ್ಷ ಡೆನ್ಮಾರ್ಕಿನ ಅರ್ಸ್ಟೆಡ್, ಪ್ರವಾಹ ಹರಿಯುವ ತಂತಿಯ ಬಳಿ ದಿಕ್ಸೂಚಿಯ ಸೂಜಿ ಹೊರಳುವುದನ್ನು ಕಂಡು ಜುಲೈಯಲ್ಲಿ ಪ್ರಕಟಿಸಿದ್ದನು. ತಂತಿಯು ಕಾಂತವನ್ನು ಹೊರಳಿಸುವುದಾದರೆ ಒಂದು ತಂತಿಯು ಇನ್ನೊಂದು ತಂತಿಯನ್ನೂ ಎಳೆಯಬೇಕಲ್ಲವೇ ಎಂದು ಆಂಪಿಯರ್ ಕೇಳಿಕೊಂಡನು. ಸುದ್ದಿ ತಿಳಿದ ಕೆಲವೇ ದಿನಗಳಲ್ಲಿ, ಒಂದೇ ದಿಕ್ಕಿನಲ್ಲಿ ಪ್ರವಾಹ ಹರಿಯುವ ಸಮಾಂತರ ತಂತಿಗಳು ಪರಸ್ಪರ ಆಕರ್ಷಿಸುತ್ತವೆ, ವಿರುದ್ಧ ದಿಕ್ಕಿನವು ವಿಕರ್ಷಿಸುತ್ತವೆ ಎಂದು ಸಾಬೀತುಪಡಿಸಿದನು. ಸಜಾತಿ ಧ್ರುವಗಳು ದೂರ ತಳ್ಳುತ್ತವೆ ಎಂದು ಬಾಯಿಪಾಠ ಮಾಡಿದ ಮಕ್ಕಳಿಗೆ ಸಜಾತಿ ಪ್ರವಾಹಗಳು ಹತ್ತಿರ ಸೆಳೆಯುತ್ತವೆ ಎಂಬುದು ಮೊದಲು ತಲೆಕೆಳಗಾಗಿ ತೋರುತ್ತದೆ.

ಇದನ್ನು ತೋರಿಸಲು ಅಡುಗೆಮನೆಯ ಅಲ್ಯೂಮಿನಿಯಂ ಹಾಳೆ ಸಾಕು. ಅರ್ಧ ಸೆಂಟಿಮೀಟರ್ ಅಗಲ, 20 ಸೆಂಟಿಮೀಟರ್ ಉದ್ದದ ಎರಡು ಪಟ್ಟಿಗಳನ್ನು ಅರ್ಧ ಸೆಂಟಿಮೀಟರ್ ಅಂತರದಲ್ಲಿ ಸಡಿಲವಾಗಿ ನೇತುಹಾಕಿ, ಕ್ಷಣಕಾಲ ಮಾತ್ರ 5 ಆಂಪಿಯರ್ ಹಾಯಿಸಿದರೆ, ಅವುಗಳ ನಡುವಿನ ಬಲ ಸುಮಾರು 20 ಮಿಲಿಗ್ರಾಂ ತೂಕದಷ್ಟಾಗುತ್ತದೆ. ಒಂದು ಪಟ್ಟಿಯ ತೂಕವೇ ಸುಮಾರು 40 ಮಿಲಿಗ್ರಾಂ ಆದ್ದರಿಂದ ಅದು ಬಾಗುವುದು ಕೊನೆಯ ಬೆಂಚಿನವರಿಗೂ ಕಾಣುತ್ತದೆ. ಪ್ರವಾಹದ ಅಳತೆಯ ಮಾನವೇ ಬಹುಕಾಲ ಈ ಆಕರ್ಷಣೆಯ ಮೇಲೆ ನಿಂತಿತ್ತು. ಒಂದು ಮೀಟರ್ ಅಂತರದ ಎರಡು ಉದ್ದನೆಯ ತಂತಿಗಳ ನಡುವೆ ಪ್ರತಿ ಮೀಟರಿಗೆ 2 × 10⁻⁷ ನ್ಯೂಟನ್ ಬಲವನ್ನು ಉಂಟುಮಾಡುವ ಪ್ರವಾಹವೇ ಒಂದು ಆಂಪಿಯರ್ ಎಂದು 1948ರಲ್ಲಿ ನಿಶ್ಚಯಿಸಲಾಗಿತ್ತು. 2019ರ ಮೇ 20ರಿಂದ ಎಲೆಕ್ಟ್ರಾನಿನ ಆವೇಶದ ಬೆಲೆಯನ್ನು ಸ್ಥಿರಗೊಳಿಸಿ ಆಂಪಿಯರನ್ನು ಅದರ ಮೂಲಕ ವ್ಯಾಖ್ಯಾನಿಸಲಾಗಿದೆ.

ಕಾಯಿಲಿನ ಮಗ್ಗುಲು ಸುತ್ತುಗಳಲ್ಲಿ ಪ್ರವಾಹ ಒಂದೇ ದಿಕ್ಕಿಗೆ ಇರುವುದರಿಂದ ಅವು ಪರಸ್ಪರ ಸೆಳೆಯುತ್ತವೆ. ಬಲವು ಪ್ರವಾಹದ ವರ್ಗಕ್ಕೆ ಅನುಗುಣವಾಗಿರುವುದರಿಂದ, 50 ಹರ್ಟ್ಸ್‌ನ ನಮ್ಮ ವಿದ್ಯುತ್ತಿನಲ್ಲಿ ಈ ಸೆಳೆತ ಸೆಕೆಂಡಿಗೆ 100 ಬಾರಿ ಏರಿ ಇಳಿಯುತ್ತದೆ. ಶುರುವಾಗುವ ಕ್ಷಣದಲ್ಲಿ ಮೋಟಾರು ಆರು ಪಟ್ಟು ಪ್ರವಾಹವನ್ನು ಎಳೆದುಕೊಂಡರೆ ತಂತಿಗಳ ನಡುವಿನ ಬಲ 36 ಪಟ್ಟಾಗುತ್ತದೆ. ಅಪ್ಪನ ದಾರದ ಹೊಲಿಗೆ ತಡೆದು ನಿಲ್ಲಿಸುತ್ತಿದ್ದುದು ಇದನ್ನೇ. ಊರಿನ ಟಿಸಿಯಲ್ಲಿ (ಟ್ರಾನ್ಸ್ಫಾರ್ಮರಿನಲ್ಲಿ) ಶಾರ್ಟ್ ಆದಾಗ ಒಳಗಿನ ಸುರುಳಿಗಳು ಸೊಟ್ಟಗಾಗುವುದೂ ಇದೇ ಕಾರಣದಿಂದ: ಒಳಸುರುಳಿ ಮತ್ತು ಹೊರಸುರುಳಿಗಳಲ್ಲಿ ಪ್ರವಾಹಗಳು ವಿರುದ್ಧವಾಗಿರುವುದರಿಂದ ಹೊರಗಿನದು ಉಬ್ಬಲು, ಒಳಗಿನದು ಕುಗ್ಗಲು ಯತ್ನಿಸುತ್ತದೆ. ಹತ್ತು ಸೆಂಟಿಮೀಟರ್ ಅಂತರದ ಎರಡು ತಂತಿಗಳಲ್ಲಿ ಹತ್ತು ಸಾವಿರ ಆಂಪಿಯರ್ ಹರಿದರೆ ಪ್ರತಿ ಮೀಟರಿಗೆ 200 ನ್ಯೂಟನ್, ಅಂದರೆ 20 ಕಿಲೋಗ್ರಾಂ ತೂಕದಷ್ಟು ಬಲ ಬೀಳುತ್ತದೆ.

ಇನ್ನು ತಂತಿಯನ್ನು ಕಾಂತದ ಧ್ರುವಗಳ ನಡುವೆ ಇಡೋಣ. ಬಲದ ಪ್ರಮಾಣವು ಕ್ಷೇತ್ರ, ಪ್ರವಾಹ ಮತ್ತು ಕ್ಷೇತ್ರದೊಳಗಿರುವ ತಂತಿಯ ಉದ್ದ ಇವು ಮೂರರ ಗುಣಲಬ್ಧ. ತಂತಿಯು ಕ್ಷೇತ್ರಕ್ಕೆ ಓರೆಯಾಗಿದ್ದರೆ ಅಷ್ಟರಮಟ್ಟಿಗೆ ಕಡಿಮೆ, ಸಮಾಂತರವಾಗಿದ್ದರೆ ಸೊನ್ನೆ. 0.1 ಟೆಸ್ಲಾ (ಟೆಸ್ಲಾ ಎಂಬುದು ಕಾಂತಕ್ಷೇತ್ರದ ಅಳತೆಯ ಮಾನ) ಕ್ಷೇತ್ರದಲ್ಲಿ 5 ಸೆಂಟಿಮೀಟರ್ ತಂತಿಗೆ 2 ಆಂಪಿಯರ್ ಹಾಯಿಸಿದರೆ 0.01 ನ್ಯೂಟನ್, ಎಂದರೆ ಒಂದು ಗ್ರಾಂ ತೂಕದಷ್ಟು ಬಲ ದೊರೆಯುತ್ತದೆ. ದಿಕ್ಕನ್ನು ಹೇಳುವ ಫ್ಲೆಮಿಂಗ್‌ನ ಎಡಗೈ ನಿಯಮವನ್ನು ಎಲ್ಲರೂ ಕಲಿತಿರುತ್ತಾರೆ, ಅದನ್ನು ಇಲ್ಲಿ ಮತ್ತೆ ವಿವರಿಸುವುದಿಲ್ಲ. ನಮ್ಮ ಊರಿನ ನೆಲದ ಮೇಲೆ ಭೂಮಿಯ ಕಾಂತಕ್ಷೇತ್ರವೂ ಇದೆ. ಸುಮಾರು 40 ಮೈಕ್ರೋಟೆಸ್ಲಾ ಇರುವ ಅದು ಹೆಚ್ಚುಕಡಿಮೆ ಅಡ್ಡಡ್ಡಲಾಗಿ ಉತ್ತರಕ್ಕೆ ಮುಖ ಮಾಡಿದೆ. ಪೂರ್ವ ಪಶ್ಚಿಮವಾಗಿ ಎರಡು ಕಂಬಗಳ ನಡುವೆ 60 ಮೀಟರ್ ಚಾಚಿದ ತಂತಿಯಲ್ಲಿ 100 ಆಂಪಿಯರ್ ಹರಿದರೆ ಭೂಮಿಯು ಅದರ ಮೇಲೆ ಹಾಕುವ ಬಲ ಬರೀ 24 ಗ್ರಾಂ ತೂಕದಷ್ಟು. ಅದೂ ಪ್ರವಾಹದ ದಿಕ್ಕು ಬದಲಾದಂತೆಲ್ಲ ಒಮ್ಮೆ ಮೇಲಕ್ಕೆ, ಒಮ್ಮೆ ಕೆಳಕ್ಕೆ.

ಈ ಬಲ ಬೀಳುವುದು ತಂತಿಯ ಮೇಲೋ, ಅದರೊಳಗೆ ಹರಿಯುವ ಪ್ರವಾಹದ ಮೇಲೋ? ನನ್ನ ದೃಷ್ಟಿಯಲ್ಲಿ ಇಡೀ ಅಧ್ಯಾಯದ ಜೀವಾಳ ಈ ಪ್ರಶ್ನೆಯಲ್ಲಿದೆ, ಆದರೆ ಪರೀಕ್ಷೆಯಲ್ಲಿ ಇದನ್ನು ಯಾರೂ ಕೇಳುವುದಿಲ್ಲ. ಮ್ಯಾಕ್ಸ್‌ವೆಲ್ 1873ರಲ್ಲಿ ಪ್ರಕಟವಾದ ವಿದ್ಯುತ್ತು ಮತ್ತು ಕಾಂತತ್ವದ ಮೇಲಿನ ತನ್ನ ಮಹಾಗ್ರಂಥದಲ್ಲಿ, ಬಲವು ಪ್ರವಾಹದ ಮೇಲೆ ಬೀಳುವುದಿಲ್ಲ, ಅದನ್ನು ಹೊತ್ತ ವಾಹಕದ ಮೇಲೆ ಬೀಳುತ್ತದೆ ಎಂದು ಸ್ಪಷ್ಟವಾಗಿ ಬರೆದಿದ್ದನು. ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದಲ್ಲಿ ರೋಲೆಂಡ್ ಅವರ ಬಳಿ ಓದುತ್ತಿದ್ದ ಎಡ್ವಿನ್ ಹಾಲ್ ಎಂಬ ಯುವಕನಿಗೆ ಈ ಮಾತು ಒಪ್ಪಿಗೆಯಾಗಲಿಲ್ಲ. ಪ್ರವಾಹವೇ ಒಂದು ಬದಿಗೆ ತಳ್ಳಲ್ಪಡುವುದಾದರೆ, ಪಟ್ಟಿಯ ಒಂದು ಅಂಚಿನಲ್ಲಿ ಆವೇಶ ಒತ್ತೊತ್ತಾಗಿ ಸೇರಿ, ಎರಡು ಅಂಚುಗಳ ನಡುವೆ ಅಡ್ಡಲಾಗಿ ಒಂದು ಸಣ್ಣ ವಿಭವಾಂತರ (ವೋಲ್ಟೇಜ್) ಕಾಣಬೇಕು ಎಂದು ಆತ ಯೋಚಿಸಿದನು. ಗಾಜಿನ ಮೇಲೆ ಅಂಟಿಸಿದ ತೆಳುವಾದ ಚಿನ್ನದ ರೇಕಿನಲ್ಲಿ ಪ್ರವಾಹ ಹರಿಸಿ, ಬಲವಾದ ಕಾಂತದ ನಡುವೆ ಇಟ್ಟು, 1879ರಲ್ಲಿ ಆತ ಆ ವಿಭವಾಂತರವನ್ನು ಕಂಡನು. ಎಲೆಕ್ಟ್ರಾನ್ ಎಂಬುದೊಂದು ಇದೆ ಎಂದು ಜಗತ್ತಿಗೆ ತಿಳಿಯಲು ಆಗ ಇನ್ನೂ 18 ವರ್ಷಗಳಿದ್ದವು. ಇಂದು ರಸ್ತೆಯ ಮೇಲೆ ಓಡುವ ವಿದ್ಯುತ್ ಸ್ಕೂಟರಿನ ಎಕ್ಸಲೇಟರ್ ಹಿಡಿಯನ್ನು ಎಷ್ಟು ತಿರುವಲಾಗಿದೆ ಎಂದು ಯಂತ್ರಕ್ಕೆ ತಿಳಿಸುವುದು ಹಾಲ್ ಕಂಡ ಈ ಅಡ್ಡ ವೋಲ್ಟೇಜೇ.

ಈಗ ಲೆಕ್ಕ ಹಾಕೋಣ. ಈ ಲೆಕ್ಕವನ್ನು ಕಪ್ಪುಹಲಗೆಯ ಮೇಲೆ ಪೂರ್ತಿ ಮಾಡಿಸದೆ ನಾನು ಯಾವ ವರ್ಷವೂ ಮುಂದೆ ಹೋಗುವುದಿಲ್ಲ. ಒಂದು ಘನ ಮಿಲಿಮೀಟರ್ ತಾಮ್ರದಲ್ಲಿ ಸುಮಾರು 8.5 × 10¹⁹ ಸ್ವತಂತ್ರ ಎಲೆಕ್ಟ್ರಾನುಗಳಿರುತ್ತವೆ. ಒಂದು ಚದರ ಮಿಲಿಮೀಟರ್ ಅಡ್ಡಕೊಯ್ತದ ತಂತಿಯಲ್ಲಿ 2 ಆಂಪಿಯರ್ ಹರಿಯುವಾಗ ಅವು ಮುಂದೆ ಸರಿಯುವ ಸರಾಸರಿ ಜವ ಸೆಕೆಂಡಿಗೆ 0.15 ಮಿಲಿಮೀಟರ್ ಮಾತ್ರ. ಒಂದು ಮೀಟರ್ ದಾಟಲು ಒಂದು ಎಲೆಕ್ಟ್ರಾನಿಗೆ ಹೆಚ್ಚುಕಡಿಮೆ 2 ಗಂಟೆ ಬೇಕು. ಇಷ್ಟು ನಿಧಾನವಾಗಿ ತೆವಳುವ ಒಂದು ಎಲೆಕ್ಟ್ರಾನಿನ ಮೇಲೆ 0.1 ಟೆಸ್ಲಾ ಕ್ಷೇತ್ರವು ಹಾಕುವ ಬಲ 2.4 × 10⁻²⁴ ನ್ಯೂಟನ್. ಇದಕ್ಕಿಂತ ಕ್ಷುಲ್ಲಕವಾದ ಬಲವನ್ನು ಊಹಿಸಿಕೊಳ್ಳುವುದೂ ಕಷ್ಟ. ಆದರೆ 5 ಸೆಂಟಿಮೀಟರ್ ತಂತಿಯಲ್ಲಿ ಅಂಥ ಎಲೆಕ್ಟ್ರಾನುಗಳು 4.25 × 10²¹ ಇವೆ. ಎರಡನ್ನೂ ಗುಣಿಸಿದರೆ ಬರುವುದು 0.01 ನ್ಯೂಟನ್, ಇಡೀ ತಂತಿಗೆ ಮೊದಲು ಕಂಡುಕೊಂಡ ಅದೇ ಒಂದು ಗ್ರಾಂ ತೂಕ. ಹನಿ ಹನಿ ಕೂಡಿ ಹಳ್ಳ, ತೆನೆ ತೆನೆ ಕೂಡಿ ಬಳ್ಳ ಎಂದು ನಮ್ಮ ಹಿರಿಯರು ಹೇಳಿದ್ದು ಇಲ್ಲಿ ಅಂಕಿಗಳಲ್ಲಿ ಬಂದು ನಿಲ್ಲುತ್ತದೆ. ತಂತಿಯ ಮೇಲಿನ ಬಲ ಮತ್ತು ಆವೇಶದ ಮೇಲಿನ ಬಲ ಎಂದು ಪಠ್ಯದಲ್ಲಿ ಎರಡು ಸೂತ್ರಗಳಿದ್ದರೂ ಸಂಗತಿ ಒಂದೇ.

ಹಾಗಾದರೆ ಎಲೆಕ್ಟ್ರಾನುಗಳ ಮೇಲೆ ಬಿದ್ದ ಬಲ ಗಟ್ಟಿ ತಾಮ್ರಕ್ಕೆ ತಲುಪುವುದು ಹೇಗೆ? ಅದಕ್ಕೂ ಹಾಲ್‌ನ ಪ್ರಯೋಗದಲ್ಲೇ ಉತ್ತರವಿದೆ. ಎಲೆಕ್ಟ್ರಾನುಗಳು ಒಂದು ಬದಿಗೆ ಒತ್ತಲ್ಪಟ್ಟಾಗ ಆ ಬದಿ ಋಣವಾಗಿ, ಎದುರು ಬದಿ ಧನವಾಗಿ ತಂತಿಗೆ ಅಡ್ಡಲಾಗಿ ವಿದ್ಯುತ್ ಕ್ಷೇತ್ರವೊಂದು ಏಳುತ್ತದೆ. ಆ ಕ್ಷೇತ್ರವು ಎಲೆಕ್ಟ್ರಾನುಗಳನ್ನು ಇನ್ನೂ ಬದಿಗೆ ಸರಿಯದಂತೆ ಹಿಡಿದು ನಿಲ್ಲಿಸುತ್ತದೆ. ಜೊತೆಗೆ ತಾಮ್ರದ ಧನ ಅಯಾನುಗಳ ಜಾಲವನ್ನು ಅಷ್ಟೇ ಬಲದಿಂದ ಎಲೆಕ್ಟ್ರಾನುಗಳು ಒತ್ತಿದ ಕಡೆಗೇ ಎಳೆಯುತ್ತದೆ. ಅಂದರೆ ಗಟ್ಟಿ ತಾಮ್ರವನ್ನು ನೇರವಾಗಿ ಮುಟ್ಟಿ ನಡೆಸುವ ಕೈ ವಿದ್ಯುತ್ ಬಲದ್ದು. ಈ ಮಾತನ್ನು ಓದುಗರು ನೆನಪಿನಲ್ಲಿ ಇಟ್ಟುಕೊಳ್ಳಬೇಕು, ಏಕೆಂದರೆ ಹುಡುಗಿಯ ಪ್ರಶ್ನೆಗೆ ಉತ್ತರ ಇದರ ಮೂಲಕವೇ ಹಾದುಹೋಗುತ್ತದೆ.

ತಂತಿಯ ಹಂಗಿಲ್ಲದೆ ಬಯಲಿನಲ್ಲಿ ಹಾರುವ ಆವೇಶದ ಮೇಲೆ ಕಾಂತೀಯ ಬಲದ ಸ್ವಭಾವ ಇನ್ನೂ ಸ್ಪಷ್ಟವಾಗಿ ಕಾಣುತ್ತದೆ. ಅದು ಸುತ್ತುತ್ತದೆ, ಸುತ್ತುತ್ತಲೇ ಇರುತ್ತದೆ, ಜವ ಮಾತ್ರ ಬದಲಾಗುವುದಿಲ್ಲ. ಹಳೆಯ ಡಬ್ಬಿಯಂಥ ಟಿವಿಯ ಗಾಜಿನ ಕೊಳವೆಯಲ್ಲಿ ಎಲೆಕ್ಟ್ರಾನುಗಳು ಬೆಳಕಿನ ಜವದ ಕಾಲು ಭಾಗದಷ್ಟು ಜೋರಾಗಿ ಹಾರುತ್ತಿದ್ದವು, ಮತ್ತು ಭೂಮಿಯ ಬಡ ಕಾಂತಕ್ಷೇತ್ರ ಕೂಡ 30 ಸೆಂಟಿಮೀಟರ್ ದೂರದಲ್ಲಿ ಅವುಗಳನ್ನು ಕೆಲವು ಮಿಲಿಮೀಟರ್ ಪಕ್ಕಕ್ಕೆ ಸರಿಸಬಲ್ಲದಾಗಿತ್ತು. ಚಿಕ್ಕಂದಿನಲ್ಲಿ ನಾನು ಅಂಗಡಿಯಿಂದ ಸ್ಪೀಕರಿನ ಕಾಂತವನ್ನು ಮನೆಗೆ ತಂದು ಬಣ್ಣದ ಟಿವಿಯ ಮುಂದೆ ಹಿಡಿದಾಗ ಪರದೆಯ ಒಂದು ಮೂಲೆ ಹಸಿರಾಗಿ, ನೇರಳೆಯಾಗಿ ಕಲೆಗಟ್ಟಿದ್ದು ಬಹಳ ದಿನ ಹಾಗೆಯೇ ಉಳಿದಿತ್ತು.

ಇದಕ್ಕಿಂತ ದೊಡ್ಡ ಪ್ರಯೋಗ ನಮ್ಮ ತಲೆಯ ಮೇಲೆ ಹಗಲು ರಾತ್ರಿ ನಡೆಯುತ್ತಿದೆ. ಬಾಹ್ಯಾಕಾಶದಿಂದ ಬರುವ ವಿಶ್ವಕಿರಣಗಳಲ್ಲಿ ಬಹುಪಾಲು ಪ್ರೋಟಾನುಗಳು. ಧ್ರುವಗಳ ಕಡೆ ಅವು ಕ್ಷೇತ್ರರೇಖೆಗಳ ಜೊತೆಗೇ ಇಳಿಯುವುದರಿಂದ ತಡೆಯಿಲ್ಲ. ದಕ್ಷಿಣ ಭಾರತದಲ್ಲಿ ಕ್ಷೇತ್ರವು ಅಡ್ಡಲಾಗಿ ಮಲಗಿರುವುದರಿಂದ ನೇರ ಮೇಲಿನಿಂದ ಇಳಿಯಬೇಕಾದ ಪ್ರೋಟಾನಿಗೆ ಸುಮಾರು 17 ಗಿಗಾ ಎಲೆಕ್ಟ್ರಾನ್ ವೋಲ್ಟ್ ಶಕ್ತಿಯಾದರೂ ಇರಬೇಕು, ಇಲ್ಲದಿದ್ದರೆ ಅದು ಬಾಗಿ ಹೊರಟುಹೋಗುತ್ತದೆ. ಭೂಮಿಯ ಮೇಲೆ ಈ ತಡೆ ಅತಿ ಹೆಚ್ಚಾಗಿರುವ ಪ್ರದೇಶಗಳಲ್ಲಿ ನಮ್ಮದೂ ಒಂದು. ಎಡಗೈ ನಿಯಮವನ್ನು ಆಕಾಶಕ್ಕೆ ಎತ್ತಿ ಹಿಡಿದು ನೋಡಿದರೆ, ಮೇಲಿನಿಂದ ಕೆಳಗೆ ಬರುವ ಧನ ಆವೇಶವು ಉತ್ತರಾಭಿಮುಖ ಕ್ಷೇತ್ರದಲ್ಲಿ ಪೂರ್ವಕ್ಕೆ ಬಾಗಬೇಕು. ಆದ್ದರಿಂದ ಅವು ಪಶ್ಚಿಮದ ಕಡೆಯಿಂದ ಹೆಚ್ಚು ಬರುವಂತೆ ಕಾಣಬೇಕು. 1933ರಲ್ಲಿ ಮೆಕ್ಸಿಕೋದಲ್ಲಿ ಅಳೆದಾಗ ಹಾಗೆಯೇ ಕಂಡಿತು, ವಿಶ್ವಕಿರಣಗಳ ಆವೇಶ ಧನವೆಂದು ಅದರಿಂದಲೇ ತಿಳಿಯಿತು. ಇಲ್ಲೆಲ್ಲ ಕಾಂತೀಯ ಬಲವು ದಾರಿಯನ್ನು ತಿರುಗಿಸಿತೇ ಹೊರತು ಒಂದು ಜೌಲನ್ನೂ ಕೊಡಲಿಲ್ಲ, ಕಸಿಯಲೂ ಇಲ್ಲ.

ಈಗ ಬೋರಿನ ಮೋಟಾರಿಗೆ ಬರೋಣ. ಮೋಟಾರನ್ನು ಅದರ ಅತ್ಯಂತ ಸರಳ ರೂಪಕ್ಕೆ ಇಳಿಸಿದರೆ ಉಳಿಯುವುದು ಮೇಜಿನ ಮೇಲೆ ಪೂರ್ವ ಪಶ್ಚಿಮವಾಗಿ ಇಟ್ಟ ಎರಡು ತಾಮ್ರದ ಹಳಿಗಳು, ಅವುಗಳ ಮೇಲೆ ಅಡ್ಡಲಾಗಿ ಇಟ್ಟ ಒಂದು ಹಿತ್ತಾಳೆಯ ಸರಳು, ಕೆಳಗಿನಿಂದ ಮೇಲಕ್ಕೆ ಹಾಯುವ ಕಾಂತಕ್ಷೇತ್ರ ಮತ್ತು ಒಂದು ಬ್ಯಾಟರಿ. ಸರಳಿನಲ್ಲಿ ಪ್ರವಾಹವು ಉತ್ತರಕ್ಕೆ ಹರಿದರೆ ಬಲವು ಪೂರ್ವಕ್ಕೆ ಬೀಳುತ್ತದೆ, ಸರಳು ಪೂರ್ವಕ್ಕೆ ಉರುಳುತ್ತದೆ. ಅನುಕೂಲಕ್ಕಾಗಿ ಹರಿಯುವ ಆವೇಶ ಧನವೆಂದು ಭಾವಿಸೋಣ. ಸರಳು ಉರುಳಲು ತೊಡಗಿದ ಮೇಲೆ ಅದರೊಳಗಿನ ಆವೇಶದ ಚಲನೆ ಬರೀ ಉತ್ತರಕ್ಕೆ ಉಳಿಯುವುದಿಲ್ಲ. ಸರಳಿನ ಜೊತೆಗೆ ಅದೂ ಪೂರ್ವಕ್ಕೆ ಹೋಗುತ್ತಿರುತ್ತದೆ. ಚಲನೆಗೆ ಎರಡು ಭಾಗಗಳಿದ್ದ ಮೇಲೆ ಬಲಕ್ಕೂ ಎರಡು ಭಾಗಗಳು ಇರಲೇಬೇಕು. ಉತ್ತರದ ಚಲನೆಯಿಂದ ಹುಟ್ಟುವ ಭಾಗ ಪೂರ್ವಕ್ಕೆ ತಳ್ಳುತ್ತದೆ, ಮೋಟಾರನ್ನು ತಿರುಗಿಸುವುದು ಇದು. ಪೂರ್ವದ ಚಲನೆಯಿಂದ ಹುಟ್ಟುವ ಭಾಗ ದಕ್ಷಿಣಕ್ಕೆ, ಅಂದರೆ ಪ್ರವಾಹಕ್ಕೆ ನೇರ ಎದುರಾಗಿ ನಿಲ್ಲುತ್ತದೆ. ಮೊದಲನೆಯ ಭಾಗ ಸೆಕೆಂಡಿಗೆ ಎಷ್ಟು ಕೆಲಸವನ್ನು ಕೊಡುತ್ತದೆಯೋ ಎರಡನೆಯದು ಕೂದಲೆಳೆಯ ವ್ಯತ್ಯಾಸವೂ ಇಲ್ಲದೆ ಅಷ್ಟನ್ನೇ ಕಸಿದುಕೊಳ್ಳುತ್ತದೆ, ಏಕೆಂದರೆ ಎರಡರಲ್ಲೂ ಗುಣಿಸುವುದು ಅದೇ ಆವೇಶವನ್ನು, ಅದೇ ಕ್ಷೇತ್ರವನ್ನು ಮತ್ತು ಅದೇ ಎರಡು ಜವಗಳನ್ನು. ಕಾಂತೀಯ ಬಲದ ಒಟ್ಟು ಲೆಕ್ಕ ಸೊನ್ನೆ. ಪಾಠದ ಮಾತು ಸುಳ್ಳಾಗಲಿಲ್ಲ.

ಆದರೆ ಎದುರು ನಿಂತ ಆ ಎರಡನೆಯ ಭಾಗವನ್ನು ಮೀರಿ ಪ್ರವಾಹವನ್ನು ಉತ್ತರಕ್ಕೆ ನೂಕುತ್ತಲೇ ಇರುವವರು ಬೇಕಲ್ಲ? ಬ್ಯಾಟರಿ ಮಾಡುವುದು ಅದನ್ನೇ. ಎದುರು ಬಲವನ್ನೇ ನಾವು ಹಿಮ್ಮುಖ ವಿದ್ಯುಚ್ಚಾಲಕ ಬಲ ಎಂದು ಕರೆಯುತ್ತೇವೆ. ಅದರ ವಿರುದ್ಧ ಬ್ಯಾಟರಿ ಸುರಿಯುವ ಶಕ್ತಿಯು ಅಷ್ಟಕ್ಕಷ್ಟೇ ಸರಳಿನ ಪೂರ್ವದ ಚಲನೆಯಲ್ಲಿ ಹೊರಬರುತ್ತದೆ. ಕಾಂತಕ್ಷೇತ್ರವು ಉತ್ತರದಲ್ಲಿ ಪಡೆದದ್ದನ್ನು ಪೂರ್ವದಲ್ಲಿ ಒಪ್ಪಿಸುತ್ತದೆ, ತನ್ನದೆಂದು ಏನನ್ನೂ ಸೇರಿಸುವುದಿಲ್ಲ.

ತರಗತಿಯಲ್ಲಿ ನಾನು ಇದಕ್ಕೆ ಹಮಾಲರ ಹೋಲಿಕೆಯನ್ನು ಕೊಟ್ಟೆ. ಹುಬ್ಬಳ್ಳಿಯ ಗೋದಾಮುಗಳ ಮುಂದೆ ಎಣ್ಣೆಯ ಬ್ಯಾರೆಲ್ಲನ್ನು ಲಾರಿಗೆ ಏರಿಸುವಾಗ ಅವರು ಎರಡು ಹಲಗೆಗಳನ್ನು ಇಳಿಜಾರಾಗಿ ಇಟ್ಟು, ಬ್ಯಾರೆಲ್ಲನ್ನು ಅದರ ಮೇಲೆ ಅಡ್ಡಲಾಗಿ ಒತ್ತಿ ಉರುಳಿಸುತ್ತಾರೆ. ಹಮಾಲರ ಕೈ ಒತ್ತುವುದು ಮುಂದಕ್ಕೆ, ಬ್ಯಾರೆಲ್ ಏರುವುದು ಮೇಲಕ್ಕೆ. ಮೇಲಕ್ಕೆ ಒತ್ತುತ್ತಿರುವುದು ಹಲಗೆ. ಆದರೆ ಹಲಗೆಯ ಬಲ ಯಾವಾಗಲೂ ಹಲಗೆಗೆ ಲಂಬವಾಗಿರುವುದರಿಂದ, ಬ್ಯಾರೆಲ್ಲಿನ ಚಲನೆಗೂ ಲಂಬವಾಗಿದ್ದು, ಅದು ಕೆಲಸವನ್ನೇ ಮಾಡುವುದಿಲ್ಲ. ಅದರ ಒಂದು ಭಾಗ ಬ್ಯಾರೆಲ್ಲನ್ನು ಎತ್ತುತ್ತದೆ, ಇನ್ನೊಂದು ಭಾಗ ಹಿಂದಕ್ಕೆ ಒತ್ತಿ ಹಮಾಲರನ್ನು ತಡೆಯುತ್ತದೆ. ಬೆವರು ಹಮಾಲರದು, ದಿಕ್ಕು ಹಲಗೆಯದು. ಹಲಗೆಯ ಹೆಸರಿಗೆ ಯಾರೂ ಕೂಲಿ ಬರೆಯುವುದಿಲ್ಲ. ಹಲಗೆಯಿಲ್ಲದೆ ಬ್ಯಾರೆಲ್ ಏರುವುದೂ ಇಲ್ಲ.

ಹಿಮ್ಮುಖ ಬಲ ಪುಸ್ತಕದಲ್ಲಿ ಮಾತ್ರ ಇರುವ ಸಂಗತಿಯಲ್ಲ. ಮಿಕ್ಸಿಯೊಳಗೆ ಇರುವುದು ಆರ್ಮೇಚರ್ ಎಂಬ ತಿರುಗುವ ಸುರುಳಿ, ಕಮ್ಯುಟೇಟರ್, ಕಾರ್ಬನ್ ಬ್ರಷ್ ಇರುವ ಮೋಟಾರು. ಅದರಲ್ಲಿ ಕ್ಷೇತ್ರದ ಸುರುಳಿ ಮತ್ತು ಆರ್ಮೇಚರ್ ಒಂದರ ಹಿಂದೆ ಒಂದು ಜೋಡಣೆಯಾಗಿರುವುದರಿಂದ, ಪ್ರವಾಹದ ದಿಕ್ಕು ತಿರುಗಿದಾಗ ಎರಡೂ ಒಟ್ಟಿಗೆ ತಿರುಗಿ ಬಲದ ದಿಕ್ಕು ಮಾತ್ರ ಹಾಗೆಯೇ ಉಳಿಯುತ್ತದೆ. ಶೇಂಗಾ ಚಟ್ನಿ ಮಾಡುವಾಗ ಎಣ್ಣೆ ಬಿಟ್ಟು ಪುಡಿ ಗಟ್ಟಿಯಾಗಿ ಬ್ಲೇಡಿಗೆ ಕಚ್ಚಿಕೊಂಡು ಮಿಕ್ಸಿ ನಿಂತುಬಿಟ್ಟರೆ, ಆರ್ಮೇಚರಿನ ಜವ ಸೊನ್ನೆ, ಆದ್ದರಿಂದ ಹಿಮ್ಮುಖ ಬಲವೂ ಸೊನ್ನೆ. ತಡೆಯುವವರು ಇಲ್ಲದ ಪ್ರವಾಹವು ಹಲವು ಪಟ್ಟು ಏರಿ, ಬಂದ ಶಕ್ತಿಯೆಲ್ಲ ತಾಮ್ರವನ್ನು ಕಾಯಿಸುವುದರಲ್ಲಿ ಮುಗಿಯುತ್ತದೆ. ತಳದ ಕೆಂಪು ಗುಂಡಿ ಹೊರಗೆ ಜಿಗಿದರೆ ಮಿಕ್ಸಿ ಉಳಿಯಿತು, ಜಿಗಿಯದಿದ್ದರೆ ಅದು ಅಪ್ಪನ ಅಂಗಡಿಗೆ ಬರುತ್ತಿತ್ತು. ಬೋರಿನದು ಇಂಡಕ್ಷನ್ ಮೋಟಾರು. ಅದರ ರೋಟರಿಗೆ ಪ್ರವಾಹವನ್ನು ಹೊರಗಿನಿಂದ ಕೊಡುವುದಿಲ್ಲ, ತಿರುಗುವ ಕ್ಷೇತ್ರವೇ ಅದನ್ನು ಒಳಗೆ ಪ್ರೇರಿಸುತ್ತದೆ, ಹಾಗಾಗಿ ಲೆಕ್ಕದ ವಿವರ ಬೇರೆ. ಆದರೂ ಮರಳು ಸಿಕ್ಕಿ ಪಂಪು ಜಾಮ್ ಆದಾಗ, ಅಥವಾ ಮೂರರಲ್ಲಿ ಒಂದು ಫೇಸ್ ಹೋಗಿ ಮೋಟಾರು ಗುಂಯ್ ಎನ್ನುತ್ತ ನಿಂತಲ್ಲೇ ನಿಂತಾಗ, ಆಗುವುದು ಇದೇ. ತಿರುಗುವ ಮೋಟಾರು ಶಕ್ತಿಯನ್ನು ನೀರಿಗೆ ಕೊಡುತ್ತದೆ; ನಿಂತ ಮೋಟಾರು ಅದನ್ನು ತನ್ನ ತಾಮ್ರಕ್ಕೇ ಕೊಟ್ಟುಕೊಳ್ಳುತ್ತದೆ. ಚಿಕ್ಕಂದಿನಿಂದ ಮೂಗಿಗೆ ಬಡಿಯುತ್ತಿದ್ದ ಆ ವಾಸನೆಗೆ ಇಂಥ ಅರ್ಥವಿದೆ ಎಂದು ನನಗೆ ತಿಳಿದದ್ದು ಧಾರವಾಡದಲ್ಲಿ ಎಂ.ಎಸ್ಸಿ. ಓದುವಾಗ.

ಒಂದು ತಿದ್ದುಪಡಿಯನ್ನು ಇಲ್ಲಿ ಸೇರಿಸಲೇಬೇಕು. ನಿಜವಾದ ಮೋಟಾರಿನಲ್ಲಿ ತಂತಿಯು ಕಬ್ಬಿಣದ ಸ್ಲಾಟಿನೊಳಗೆ ಹುದುಗಿರುತ್ತದೆ, ಮತ್ತು ಕ್ಷೇತ್ರವು ಬಹುಪಾಲು ಕಬ್ಬಿಣದ ಹಲ್ಲುಗಳ ಮೂಲಕವೇ ಹಾಯುತ್ತದೆ. ಆದ್ದರಿಂದ ತಿರುಗಿಸುವ ಬಲದ ಹೆಚ್ಚಿನ ಪಾಲು ತಂತಿಯ ಮೇಲೆ ಬೀಳದೆ ಹಲ್ಲುಗಳ ಮೇಲೆ ಬೀಳುತ್ತದೆ. ಹಾಗಿಲ್ಲದಿದ್ದರೆ ತೆಳುವಾದ ಎನಾಮಲ್ಲಿನ ತಂತಿ ಆ ಒತ್ತಡದಲ್ಲಿ ಬಹುಕಾಲ ಬಾಳುತ್ತಿರಲಿಲ್ಲ. ಒಟ್ಟು ಬಲ ಮಾತ್ರ ತಂತಿಯ ಸೂತ್ರದಿಂದ ಬರುವಷ್ಟೇ ಇರುತ್ತದೆ. ಪಠ್ಯಪುಸ್ತಕದ ಚಿತ್ರದಲ್ಲಿ ಕಬ್ಬಿಣವಿಲ್ಲದ ಒಂಟಿ ಸುರುಳಿಯನ್ನು ನೋಡಿ ಮೋಟಾರನ್ನು ಬಿಚ್ಚಿದ ಮಕ್ಕಳು ಗೊಂದಲಗೊಳ್ಳುವುದನ್ನು ಕಂಡಿದ್ದೇನೆ.

ಅದೇ ಹಿಮ್ಮುಖ ಬಲವನ್ನು ಬೇಕೆಂದೇ ಬಳಸುವುದೂ ಉಂಟು. ಲೋಂಡಾ ದಾಟಿ ಗೋವಾದ ಕಡೆಗೆ ಹೋಗುವ ರೈಲು ಕ್ಯಾಸಲ್‌ರಾಕ್‌ನಿಂದ ಕುಳೇವರೆಗೆ 37 ಮೀಟರಿಗೆ 1 ಮೀಟರಿನಂತೆ ಇಳಿಯುತ್ತದೆ. ಅಂಥ ಇಳಿಜಾರಿನಲ್ಲಿ ಡೀಸೆಲ್ ಎಂಜಿನ್ನಿನ ಮೋಟಾರುಗಳನ್ನು ಜನರೇಟರುಗಳಾಗಿ ತಿರುಗಿಸಿ, ಹುಟ್ಟಿದ ವಿದ್ಯುತ್ತನ್ನು ಎಂಜಿನ್ನಿನ ಮೇಲ್ಭಾಗದ ರೆಸಿಸ್ಟರುಗಳಲ್ಲಿ ಶಾಖವಾಗಿ ಬಿಟ್ಟು ಗಾಡಿಯನ್ನು ತಡೆಯುತ್ತಾರೆ. ಸರಳಿನ ಉದಾಹರಣೆಯಲ್ಲಿ ಬ್ಯಾಟರಿಯನ್ನು ತೆಗೆದು ಸರಳನ್ನು ಕೈಯಿಂದ ತಳ್ಳಿದಂತೆ ಇದು. ಕಪ್ಪತಗುಡ್ಡದ ಗಾಳಿಯಂತ್ರಗಳಲ್ಲಿ ಕೈಯ ಜಾಗದಲ್ಲಿ ಗಾಳಿ ಇದೆ.

ಮುಂದಿನ ಶನಿವಾರ ಪ್ರಯೋಗಾಲಯದಲ್ಲಿ 6 ವೋಲ್ಟಿನ ಒಂದು ಸಣ್ಣ ಡಿಸಿ ಮೋಟಾರಿನ ಗಾಲಿಗೆ ದಾರ ಸುತ್ತಿ, ದಾರದ ತುದಿಗೆ ತೂಕದ ಕಲ್ಲನ್ನು ಕಟ್ಟಿದೆವು. ಸುರುಳಿಯ ರೋಧ 3 ಓಮ್. ಓದುಗಳನ್ನು ಆ ಹುಡುಗಿಯೇ ಬರೆದುಕೊಂಡಳು. ಗಾಲಿಯನ್ನು ಬೆರಳಿನಿಂದ ಹಿಡಿದು ನಿಲ್ಲಿಸಿದ ಕ್ಷಣದಲ್ಲಿ 2 ಆಂಪಿಯರ್. ಭಾರವಿಲ್ಲದೆ ತಿರುಗುವಾಗ ಕಾಲು ಆಂಪಿಯರ್. ಕಲ್ಲನ್ನು ಎತ್ತುವಾಗ 0.8 ಆಂಪಿಯರ್. ಕಲ್ಲು ಏರುವಾಗ 3 ಓಮ್ ತಿನ್ನುವುದು 2.4 ವೋಲ್ಟ್, ಉಳಿದ 3.6 ವೋಲ್ಟ್ ಹಿಮ್ಮುಖ ಬಲದ ಪಾಲು. ಬ್ಯಾಟರಿ ಕೊಟ್ಟದ್ದು 4.8 ವಾಟ್, ಶಾಖವಾದದ್ದು 1.92 ವಾಟ್, ಉಳಿದ 2.88 ವಾಟ್ ಗಾಲಿಯ ಕಡೆಗೆ ಹೋಯಿತು; ಅದರಲ್ಲಿ ಒಂದು ಪಾಲು ಬೇರಿಂಗಿನ ಘರ್ಷಣೆಗೆ, ಉಳಿದದ್ದು ಕಲ್ಲಿಗೆ. ಅವಳು ಈ ಕೂಡು ಕಳೆಯುವಿಕೆಯನ್ನು ಎರಡು ಸಲ ಮಾಡಿ ನೋಡಿದಳು.

ಆಮೇಲೆ ಮೇಜಿನ ಮೇಲಿದ್ದ ದಂಡಕಾಂತವನ್ನು ಎತ್ತಿಕೊಂಡು ಒಂದು ಮೊಳೆಯ ಹತ್ತಿರ ಹಿಡಿದಳು. ಮೊಳೆ ಜಿಗಿದು ಅಂಟಿಕೊಂಡಿತು.

"ಇದಕ ಬ್ಯಾಟರಿನ ಇಲ್ಲಲ್ರಿ ಮೇಡಂ. ಮೊಳೀನ ಎತ್ತಿದ್ದು ಯಾರು?"

ಕಬ್ಬಿಣದೊಳಗಿನ ಎಲೆಕ್ಟ್ರಾನುಗಳು ಹರಿಯದೆ ಇದ್ದರೂ ಪ್ರತಿಯೊಂದೂ ಸ್ವತಃ ಒಂದು ಪುಟ್ಟ ಕಾಂತವಾಗಿರುತ್ತದೆ, ಏಕರೂಪವಲ್ಲದ ಕ್ಷೇತ್ರವು ಅಂಥ ಕಾಂತವನ್ನು ಎಳೆಯುವ ನಿಯಮ ಚಲಿಸುವ ಆವೇಶದ ಸೂತ್ರದಲ್ಲಿ ಅಡಗಿಲ್ಲ, ಮತ್ತು ಮೊಳೆ ಏರಲು ಬೇಕಾದ ಶಕ್ತಿ ಕಾಂತ ಮತ್ತು ಮೊಳೆಗಳ ಸುತ್ತಲಿನ ಕ್ಷೇತ್ರದಿಂದಲೇ ಕಡಿಮೆಯಾಗುತ್ತದೆ. ಅಂಟಿದ ಮೊಳೆಯನ್ನು ಕಿತ್ತು ತೆಗೆಯಲು ನಮ್ಮ ಬೆರಳುಗಳು ಕೊಡಬೇಕಾದದ್ದು ಆ ಸಾಲವನ್ನೇ. ಇಷ್ಟನ್ನು ಹೇಳಿ, ಮೊಳೆಯನ್ನು ಕಿತ್ತು ನೋಡು ಎಂದೆ. ಅವಳು ನಿಧಾನವಾಗಿ ಕಿತ್ತಳು, ಮತ್ತೆ ಅಂಟಿಸಿದಳು, ಮತ್ತೆ ಕಿತ್ತಳು.